ಬಾವಿಯಲ್ಲಿ ನೀರಿತ್ತು: ಜಾಫ್ನಾದಲ್ಲಿ ತಾಳವಾಡಿಯ ಒಬ್ಬ ಸ್ಯಾಪರ್

ತಮಿಳುನಾಡಿನ ಗಡಿಯ ತಾಳವಾಡಿ ಸೀಮೆಯ ಒಂದು ಹಳ್ಳಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಶ್ರೀಲಂಕಾಕ್ಕೆ ಹೋಗಿದ್ದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ಎರಡು ವರ್ಷ ದುಡಿದವರು. ಅಲ್ಲಿ ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಆಡಿದ ಮೂರು ಪದದ ಮಾತು ಇವತ್ತಿಗೂ ಅವರ ತಲೆಯಲ್ಲಿ ಕೂತಿದೆ. "ಇಂಡೈಕ್ಕು ತಣ್ಣಿ ಇಲ್ಲೈ." ಇವತ್ತು ನೀರಿಲ್ಲ. ಹಾಗೆ ಹೇಳುವಾಗ ಆಕೆಯ ಕೈಯಲ್ಲಿ ಆಗಷ್ಟೇ ಬಾವಿಯಿಂದ ಎತ್ತಿದ ಬಕೆಟ್ ಇತ್ತು, ಬಕೆಟ್‌ನಲ್ಲಿ ನೀರಿತ್ತು.

ನಾನು ಅದೇ ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಎರಡು ಬೇಸಿಗೆ ಅವರ ಜಗಲಿಯ ಮೇಲೆ ಕೂತು ಕೇಳಿ ಬರೆದುಕೊಂಡದ್ದು ಇದು. ಹೆಸರು ಬೇಡ, ಊರು ಬೇಡ, ಪಲ್ಟನ್ನಿನ ನಂಬರು ಬೇಡ ಅಂದರು. ಹಾಗಾಗಿ ಇಲ್ಲಿ ಅವರು ಬರೀ ಹವಾಲ್ದಾರರು. ಆ ಯುದ್ಧದ ಬಗ್ಗೆ ಬರೆದವರಲ್ಲಿ ಅಧಿಕಾರಿಗಳು, ರಾಯಭಾರಿಗಳು, ಪತ್ರಕರ್ತರು ಇದ್ದಾರೆ. ಮುಂದೆ ನಡೆದು ನೆಲ ಕೆದಕಿದವನ ಮಾತು ಕನ್ನಡದಲ್ಲಿ ನನಗೆ ಓದಲು ಸಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರಿಗೆ ತಮಿಳು ಬಂದದ್ದು ಹೇಗೆ ಅನ್ನುವುದು ಈ ಪ್ರಕರಣದ ಬೇರು. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ, ಸಂತೆ ವ್ಯಾಪಾರಕ್ಕೆ ಚಾಮರಾಜನಗರ. ಆದರೆ ರೇಷನ್ ಕಾರ್ಡು, ಪಹಣಿ, ಪೊಲೀಸು ಎಲ್ಲಕ್ಕೂ ದಿಂಬಂ ಘಟ್ಟದ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕಿತ್ತು, ತಮಿಳಿನಲ್ಲಿ ಮಾತಾಡಬೇಕಿತ್ತು. ಆಗ ನಮ್ಮ ಮಕ್ಕಳು ತಮಿಳು ಕಲಿಯುತ್ತಿದ್ದುದು ಪುಸ್ತಕದಿಂದಲ್ಲ, ಅಪ್ಪನ ಜೊತೆ ಕಚೇರಿಯ ಮುಂದೆ ಕಾದು ಕಾದು ಕಲಿಯುತ್ತಿದ್ದರು. ಹವಾಲ್ದಾರರು ಕಲಿತದ್ದೂ ಹಾಗೆಯೇ. 1981ರಲ್ಲಿ ಬೆಂಗಳೂರಿಗೆ ಹೋಗಿ ಅಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಭರ್ತಿಯಾದರು. ಅಲ್ಲಿನ ಸೈನಿಕನಿಗೆ ಸ್ಯಾಪರ್ ಅನ್ನುತ್ತಾರೆ, ದಾರಿ ಸೇತುವೆ ಕಟ್ಟುವುದು, ಮೈನ್ ತೆಗೆಯುವುದು ಅವನ ಕೆಲಸ. ಮದರಾಸು ಸ್ಯಾಪರ್‌ಗಳನ್ನು ಸೈನ್ಯದಲ್ಲೆಲ್ಲ ‘ತಂಬಿ’, ಅಂದರೆ ತಮ್ಮ, ಅನ್ನುತ್ತಾರೆ. ಕನ್ನಡದ ಹುಡುಗ ಅವತ್ತಿನಿಂದ ತಂಬಿಯಾದ.

ಯುದ್ಧದ ಹಿನ್ನೆಲೆ ಗೊತ್ತಿರುವವರು ಬಹಳ, ಚಿಕ್ಕದಾಗಿ ಹೇಳುತ್ತೇನೆ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ನಡೆದ ಹತ್ಯಾಕಾಂಡದ ನಂತರ ಶ್ರೀಲಂಕಾ ಒಳಯುದ್ಧಕ್ಕೆ ಬಿತ್ತು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು, ಹಿಂದೆಯೇ ನಮ್ಮ ಸೈನ್ಯ ಉತ್ತರದ ಜಾಫ್ನಾದ ಪಲಾಲಿಯಲ್ಲಿ ಇಳಿಯಿತು. ಜನ ಹಾರ ಹಾಕಿ ಬರಮಾಡಿಕೊಂಡರು. ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯ ಹುಲಿಗಳಿಂದ ಆಯುಧ ಒಪ್ಪಿಸಿಕೊಳ್ಳಲು ಹೋದ ಸೈನ್ಯ ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ‘ಆಪರೇಷನ್ ಪವನ್’ ಹೆಸರಲ್ಲಿ ಅವರ ಮೇಲೇ ಯುದ್ಧಕ್ಕಿಳಿದಿತ್ತು. ಅದೇ ತಿಂಗಳ 21 ಮತ್ತು 22ರಂದು ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಹತ್ತಾರು ಜನ ನಮ್ಮ ಕಡೆಯ ಗುಂಡಿಗೆ ಸತ್ತರು. ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1988ರ ಜನವರಿಯಲ್ಲಿ ಹವಾಲ್ದಾರರು ಹಡಗು ಇಳಿದಾಗ ಅಲ್ಲಿನ ಜನ ಪ್ರತಿಯೊಬ್ಬ ಸೈನಿಕನ ಮುಖದಲ್ಲೂ ಅದನ್ನೇ ಕಾಣುತ್ತಿದ್ದರು.

ಅವರನ್ನು ಹಾಕಿದ್ದು ಚಾವಕಚ್ಚೇರಿ ಕಡೆ, ಹರಿಯಾಣ ಮತ್ತು ರಾಜಸ್ಥಾನದ ಹುಡುಗರು ತುಂಬಿದ್ದ ಒಂದು ಕಂಪನಿಯ ಜೊತೆ. ಕೆಲಸದ ಹೆಸರು ಆರ್‌ಒಪಿ, ರಸ್ತೆ ತೆರೆಯುವ ಗಸ್ತು. ರೇಷನ್ನು, ಮದ್ದುಗುಂಡು, ಗಾಯಾಳು ಏನೇ ಸಾಗಿಸಬೇಕಾದರೂ ಲಾರಿ ಹೊರಡುವ ಮುಂಚೆ ಆ ದಾರಿಯನ್ನು ಪೂರ್ತಿ ಕಾಲ್ನಡಿಗೆಯಲ್ಲಿ ನೋಡಬೇಕು. ನಿನ್ನೆ ನೋಡಿದ್ದು ಇವತ್ತಿಗೆ ಲೆಕ್ಕವಿಲ್ಲ, ರಾತ್ರಿ ಅನ್ನುವುದು ಎದುರಾಳಿಯ ಪಾಲು. ಮಧ್ಯೆ ಸ್ಯಾಪರ್‌ಗಳು ನೆಲ ನೋಡುತ್ತಾ ನಡೆಯುತ್ತಾರೆ. ಎರಡು ಮಗ್ಗುಲಿಗೂ ಒಂದೊಂದು ಸಾಲು ಹೊಲಕ್ಕಿಳಿದು ದಾರಿಗೆ ಸಮನಾಗಿ ಬರುತ್ತದೆ. ತಂತಿ ಸಿಕ್ಕಿದರೆ ಅದು ಅವರ ಕಾಲಿಗೇ ಸಿಗಬೇಕು.

ಮೈನ್ ಡಿಟೆಕ್ಟರ್ ಇರಲಿಲ್ಲವೇ ಅಂತ ಕೇಳಿದೆ. ಇತ್ತು. ಅದು ಕೂಗುವುದು ಲೋಹಕ್ಕೆ. ಹುಲಿಗಳು ಸ್ಫೋಟಕವನ್ನು ತುಂಬುತ್ತಿದ್ದುದು ಪ್ಲಾಸ್ಟಿಕ್ ಕ್ಯಾನಿಗೆ, ನಮ್ಮಲ್ಲಿ ಸೀಮೆಎಣ್ಣೆ ತರುತ್ತಿದ್ದೆವಲ್ಲ ಅಂಥದ್ದಕ್ಕೆ. ಡಾಂಬರು ಒಡೆಯದೆ ರಸ್ತೆಯ ಮಗ್ಗುಲಿಂದ ಬಿಲ ತೋಡಿ ಒಳಕ್ಕೆ ತಳ್ಳುತ್ತಿದ್ದರು, ಇಲ್ಲವೇ ಮೋರಿಯೊಳಗೆ ಇಡುತ್ತಿದ್ದರು. ಅಲ್ಲಿಂದ ಎರಡೆಳೆ ತಂತಿ ಹೊಲದಲ್ಲಿ ನೂರಾರು ಅಡಿ ಓಡುತ್ತದೆ. ತುದಿಯಲ್ಲಿ ಒಂದು ಬ್ಯಾಟರಿ, ಬ್ಯಾಟರಿಯ ಹತ್ತಿರ ಒಬ್ಬ ಹುಡುಗ. ಅವನು ಮೊದಲೇ ಒಂದು ಗುರುತು ಇಟ್ಟುಕೊಂಡಿರುತ್ತಾನೆ: ತಾಳೆಮರ, ಮೈಲಿಗಲ್ಲು, ಬೇಲಿಗೆ ಸಿಕ್ಕಿದ ಬಟ್ಟೆ. ಲಾರಿ ಆ ಗುರುತಿಗೆ ಬಂದಾಗ ಎರಡು ತಂತಿ ತಾಗಿಸಿದರೆ ಆಯಿತು. ಮುಂದೆ ಕಾಲ್ನಡಿಗೆಯಲ್ಲಿ ಹೋಗುವ ಏಳೆಂಟು ಜನರನ್ನು ಅವನು ಸುಮ್ಮನೆ ಬಿಡುತ್ತಾನೆ. ಅವನಿಗೆ ಬೇಕಾದದ್ದು ಹಿಂದಿನ ಲಾರಿ. "ನಾವು ಅದರ ಮೇಲೇ ಕಾಲಿಟ್ಟು ನಡ್ಕ ಹೋಗಿರ್ತೀವಿ ಮೇಷ್ಟ್ರೇ. ಬದುಕಿದ್ದು ನಮ್ಮ ಕೆಲಸ ಚೆಂದ ಆಯ್ತು ಅಂತಾನೋ, ಅವ್ನು ಬುಟ್ಟ ಅಂತಾನೋ ಗೊತ್ತಾಯ್ತಿರಲಿಲ್ಲ" ಅಂದರು ಹವಾಲ್ದಾರರು.

ಜಾಫ್ನಾದ ಊರುಗಳು ಹೇಗಿವೆ ಅನ್ನುವುದೂ ಇಲ್ಲಿ ಮುಖ್ಯ. ಪ್ರತಿ ಮನೆಯ ಹಿತ್ತಿಲಿಗೂ ಹೆಣೆದ ತೆಂಗಿನ ಗರಿಯ ಎತ್ತರದ ಬೇಲಿ, ಅದಕ್ಕೆ ಕಿಡುಗು ವೇಲಿ ಅನ್ನುತ್ತಾರೆ. ಎರಡು ಬೇಲಿಯ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಓಣಿ. ಆ ಓಣಿಯಲ್ಲಿ ಮಗ್ಗುಲಿನ ಸಾಲು ಬರುವ ಹಾಗೇ ಇಲ್ಲ. ಬೇಲಿಯಾಚೆ ಕೋಳಿ ಕೆದಕಿದರೂ ಎಂಟು ಬಂದೂಕು ಆ ಕಡೆ ತಿರುಗುತ್ತವೆ. ನಮ್ಮವರ ಕೈಯಲ್ಲಿ 20 ಗುಂಡಿನ ಉದ್ದನೆಯ ಎಸ್‌ಎಲ್‌ಆರ್, ತಿರುಗಿಸಲು ಹೋದರೆ ಬೇಲಿಗೆ ತಗಲುತ್ತದೆ. ಅವರ ಕೈಯಲ್ಲಿ 30 ಗುಂಡಿನ ಗಿಡ್ಡ ಎಕೆ. ಈ ಯುದ್ಧದ ಏಕೈಕ ಪರಮವೀರ ಚಕ್ರ 1987ರ ನವೆಂಬರ್ 25ರ ಕಾಳಗಕ್ಕಾಗಿ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರವಾಗಿ ಬಂತು, ಅದನ್ನು ಎಲ್ಲರೂ ಬಲ್ಲರು. ಆದರೆ ಸಿಪಾಯಿಗೆ ಇಂಥ ಕಾಳಗದ ದಿನ ಅಪರೂಪ. ಉಳಿದ ದಿನವೆಲ್ಲ ನಡೆಯುವುದು, ನೆಲ ನೋಡುವುದು, ಏನೂ ಆಗದೆ ವಾಪಸು ಬರುವುದು, ರಾತ್ರಿ ಮಲಗಿ ನಾಳೆಯ ದಾರಿ ನೆನೆಯುವುದು.

ಅಜ್ಜಿಯ ಮನೆ ಅಂಥ ಒಂದು ಓಣಿ ರಸ್ತೆಗೆ ಸೇರುವ ಮೂಲೆಯಲ್ಲಿತ್ತು. ಬೇಲಿಯ ತುಂಡು ಬಿದ್ದುಹೋಗಿ ಹಿತ್ತಿಲ ಬಾವಿ ರಸ್ತೆಗೆ ಕಾಣುತ್ತಿತ್ತು. ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ, ಸುಣ್ಣಕಲ್ಲಿನ ನೆಲ, ಊರಿಗೆ ಊರೇ ಬಾವಿ ನೀರಿನ ಮೇಲೆ ಬದುಕುತ್ತದೆ. ನೀರೆತ್ತುವುದು ತುಲಾದಲ್ಲಿ, ಅಂದರೆ ನಮ್ಮ ಏತ. ಹವಾಲ್ದಾರರ ಅಜ್ಜನ ತೋಟದಲ್ಲೂ ಏತ ಇತ್ತಂತೆ. ಏತದ ಕಿರುಗುಟ್ಟುವ ಸದ್ದು ಕೇಳಿ ಮೊದಲ ದಿನವೇ ಅವರ ಕಾಲು ಅಲ್ಲಿ ನಿಂತುಬಿಟ್ಟಿತು. "ಆಚ್ಚಿ, ಕೊಂಜಂ ತಣ್ಣಿ" ಅಂದರು. ಅಜ್ಜಿ, ಸ್ವಲ್ಪ ನೀರು. ಆಕೆ "ಓಂ" ಅಂದರು. ಪಕ್ಕದಲ್ಲಿದ್ದ ಹರಿಯಾಣದ ಹುಡುಗ ಅಜ್ಜಿ ಮಂತ್ರ ಹೇಳುತ್ತಿದ್ದಾರೆ ಅಂದುಕೊಂಡು ಕೈ ಮುಗಿದ. ಜಾಫ್ನಾ ತಮಿಳಿನಲ್ಲಿ ಹೌದು ಅನ್ನುವುದಕ್ಕೆ ಆಮಾ ಅನ್ನುವುದಿಲ್ಲ, ಓಂ ಅನ್ನುತ್ತಾರೆ. ಹವಾಲ್ದಾರರಿಗೂ ಆವತ್ತೇ ಗೊತ್ತಾಯಿತು.

ನಾಲ್ಕೈದು ತಿಂಗಳು ಹೀಗೇ ನಡೆಯಿತು. ಬೆಳಿಗ್ಗೆ ಆರರ ಹೊತ್ತಿಗೆ ಗಸ್ತು ಬರುವುದು, ಅಜ್ಜಿ ಕೈಬೊಗಸೆಗೆ ನೀರು ಸುರಿಯುವುದು, ಎರಡು ಮಾತು. ಯಾವೂರು ತಂಬಿ ಅಂತ ಆಕೆ ಕೇಳಿದಾಗ "ಪೆರಿಯಾರ್ ಜಿಲ್ಲಾ, ಸತ್ಯಮಂಗಲಂ" ಅಂದಿದ್ದರು. ಆಗ ನಮ್ಮ ಜಿಲ್ಲೆಯ ಹೆಸರು ಅದೇ. ಅಜ್ಜಿ ಇವರನ್ನು ತಮಿಳರ ಹುಡುಗ ಎಂದೇ ತಿಳಿದರು. ಮನೆಮಾತು ಕನ್ನಡ ಅಂತ ಇವರು ಹೇಳಲಿಲ್ಲ. "ಹೇಳ್ಬೌದಾಗಿತ್ತು. ಹೇಳಿದ್ರೆ ಆ ತಂಬಿ ಅನ್ನಾದು ನಿಂತೋದ್ದಾ ಅನ್ನೋ ಭಯ" ಅಂದರು. ಇದನ್ನು ಅವರು ಹೇಳಿದ್ದು ಎರಡನೇ ಬೇಸಿಗೆಯಲ್ಲಿ.

ಜೂನ್ ತಿಂಗಳ ಒಂದು ಬೆಳಿಗ್ಗೆ. ಹಿಂದೆ ಕ್ಯಾಂಪಿನಲ್ಲಿ ಮೂರು ಲಾರಿ ಹೊರಡಲು ಸಿದ್ಧ, ತಳಕ್ಕೆ ಮರಳಿನ ಮೂಟೆ ಹಾಸಿ ಹುಡುಗರು ಹತ್ತಿ ಕೂತಿದ್ದರು. ಅಜ್ಜಿ ಬಾವಿಯ ಬಳಿ ಇದ್ದರು. ಬಕೆಟ್ ಮೇಲೆ ಬಂದಿತ್ತು. ಇವರು ರೂಢಿಯಂತೆ ಬೇಲಿಯ ಹತ್ತಿರ ಹೋಗಿ ಕೈ ಒಡ್ಡಿದರು. ಆಕೆ ಮುಖ ಎತ್ತಲಿಲ್ಲ. "ಇಂಡೈಕ್ಕು ತಣ್ಣಿ ಇಲ್ಲೈ" ಅಂದರು. ಬಕೆಟ್ಟಿನ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹವಾಲ್ದಾರರು ಕೈ ಎತ್ತಿ ಸಾಲು ನಿಲ್ಲಿಸಿದರು. ಯಾಕೆ ನಿಲ್ಲಿಸಿದೆ ಅಂತ ಆ ಕ್ಷಣದಲ್ಲಿ ಅವರಿಗೇ ತಿಳಿಯದು, ಬೆನ್ನು ತಣ್ಣಗಾಯಿತು ಅಷ್ಟೇ. ಆಮೇಲೆ ನೆಲ ನೋಡಿದರು. ಅಲ್ಲಿಯದೂ ನಮ್ಮ ಹಾಗೆ ಕೆಮ್ಮಣ್ಣು. ಬಿಸಿಲಿಗೆ ಬಿದ್ದ ಮಣ್ಣು ಬಿಳಿಚಿಕೊಳ್ಳುತ್ತದೆ, ಅಗೆದು ಮೇಲೆ ತಂದದ್ದು ಒಂದು ದಿನವಾದರೂ ಕಡುಗೆಂಪಾಗಿ ಇರುತ್ತದೆ. ರಾಗಿ ಹೊಲ ಉತ್ತವರಿಗೆ ಇದನ್ನು ಕಲಿಸಬೇಕಿಲ್ಲ. ಮುಂದೆ ಮೂವತ್ತು ಹೆಜ್ಜೆಯಲ್ಲಿ ಒಂದು ಮೋರಿ. ಮೋರಿಯ ಪಕ್ಕ ಮೊರದಗಲ ಜಾಗದಲ್ಲಿ ಒಣಗಿದ ತಾಳೆಗರಿಯ ಚೂರುಗಳು ಬಿದ್ದಿದ್ದವು. ಗಾಳಿಗೆ ಬಿದ್ದ ಗರಿ ದಿಕ್ಕಾಪಾಲಾಗಿ ಇರುತ್ತದೆ. ಇವು ಎಲ್ಲಾ ಒಂದೇ ಕಡೆಗೆ ತುದಿ ಮಾಡಿ ಮಲಗಿದ್ದವು, ಕೈಯಲ್ಲಿ ಇಟ್ಟ ಹಾಗೆ. ಒಂದೊಂದಾಗಿ ಗರಿ ಸರಿಸಿದರು. ಕೆಳಗೆ ಮಣ್ಣು ಕಡುಗೆಂಪು.

ಹೊಟ್ಟೆಯ ಮೇಲೆ ಮಲಗಿ ಬಾಯ್ನೆಟ್ಟನ್ನು ಓರೆಯಾಗಿ ಚುಚ್ಚುತ್ತಾ ಹೋದರು. ನೆಟ್ಟಗೆ ಚುಚ್ಚಬಾರದು, ಓರೆ ಚುಚ್ಚಿದರೆ ಡಬ್ಬಿಯ ಮಗ್ಗುಲು ತಗಲುತ್ತದೆ. ತಂತಿ ಸಿಕ್ಕಿತು, ಮನೆಯ ವೈರಿಂಗಿಗೆ ಹಾಕುವಂಥ ಮಾಮೂಲಿ ತಂತಿ. ಕತ್ತರಿಸಿದರು. ಅದನ್ನು ಹಿಡಿದು ಹೊಲಕ್ಕೆ ಹೋದವರಿಗೆ ತಂಬಾಕಿನ ಗಿಡಗಳ ನಡುವೆ ಬ್ಯಾಟರಿ ಸಿಕ್ಕಿತು. ಕೂತು ಮಟ್ಟವಾದ ಹುಲ್ಲು, ಕುಡಿದು ಬಿಸಾಕಿದ ಎಳನೀರಿನ ಬುರುಡೆ ಇದ್ದವು. ಬುರುಡೆಯ ಒಳಗೆ ಇನ್ನೂ ಹಸಿ ಇತ್ತು. ಹುಡುಗ ಇರಲಿಲ್ಲ. ದೂರ ನಿಂತು ಸಿಡಿಸಿದಾಗ ಮೋರಿ ಇದ್ದ ಜಾಗದಲ್ಲಿ ಒಂದು ಎತ್ತಿನಗಾಡಿ ಇಳಿಯುವಷ್ಟು ಗುಂಡಿ ಬಿತ್ತು.

"ತಂಬಿ, ಕೈಸೇ ಪತಾ ಚಲಾ?" ಅಂತ ಕಂಪನಿಯ ಸಾಹೇಬರು ಕೇಳಿದರು. ಹೇಗೆ ಗೊತ್ತಾಯಿತು?

"ಮಿಟ್ಟೀ ಕಾ ರಂಗ್, ಸಾಬ್" ಅಂದರು ಇವರು. ಮಣ್ಣಿನ ಬಣ್ಣ.

ಸುಳ್ಳೇನಲ್ಲ. ಆದರೆ ಮಣ್ಣಿನ ಬಣ್ಣ ನೋಡುವ ಮುಂಚೆ ಕೈ ಎತ್ತಿದ್ದರಲ್ಲ, ಆ ಭಾಗವನ್ನು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಅವರಿಗೆ ಸಿಕ್ಕಿದ್ದು ಆ ಒಂದು ಉಸಿರಿನ ಸಮಯ. ಮೈನ್ ಇಟ್ಟದ್ದು ಅಜ್ಜಿಗೆ ಗೊತ್ತಿತ್ತು ಅಂದರೆ ಯಾರು ಇಟ್ಟರು ಅನ್ನುವುದೂ ಗೊತ್ತಿರಬೇಕು. ಸಾಹೇಬರು ಕರೆಸದೆ ಬಿಡುವುದಿಲ್ಲ. ಸೈನ್ಯದ ಜೀಪು ಅವರ ಮನೆ ಮುಂದೆ ಒಮ್ಮೆ ನಿಂತರೆ ಸಾಕು, ರಾತ್ರಿಯೊಳಗೆ ಪೊಡಿಯನ್ಮಾರಿಗೆ ಸುದ್ದಿ. ಹುಲಿಗಳ ಹುಡುಗರನ್ನು ಅಲ್ಲಿನವರು ಕರೆಯುತ್ತಿದ್ದುದು ಹಾಗೆ. ದ್ರೋಹಿ ಅಂತ ಚೀಟಿ ಬರೆದು ಕೊಂದವರನ್ನು ದೀಪದ ಕಂಬಕ್ಕೆ ಕಟ್ಟಿದ್ದನ್ನು ಆ ಊರುಗಳ ಜನ ಕಣ್ಣಾರೆ ಕಂಡಿದ್ದರು.

ಇಲ್ಲಿ ಒಂದು ಪ್ರಶ್ನೆ ಇದೆ, ಇದನ್ನು ಪ್ರಕರಣ ಅನ್ನುವುದಕ್ಕೆ ಅದೇ ಕಾರಣ. ಅಜ್ಜಿ ನಿಜವಾಗಿ ಎಚ್ಚರಿಸಿದರೇ?

ಹವಾಲ್ದಾರರು ಒಂದೊಂದು ದಿನ ಒಂದೊಂದು ಹೇಳುತ್ತಾರೆ. ಜೂನ್ ಅಲ್ಲಿ ಬಿರುಬೇಸಿಗೆ, ಬಾವಿಯ ನೀರು ಕೆಳಗಿಳಿದು ಉಪ್ಪಾಗುತ್ತದೆ. ಕುಡಿಯಲು ಕೊಡುವಂಥ ನೀರಿಲ್ಲ ಅಂತ ಆಕೆ ಹೇಳಿರಬಹುದು. ಹಿಂದಿನ ವಾರ ಆ ಓಣಿಯಲ್ಲಿ ತಪಾಸಣೆ ನಡೆದಿತ್ತು, ಆ ಸಿಟ್ಟಿಗೆ ನಿಮಗೆ ನೀರಿಲ್ಲ ಅಂದಿರಬಹುದು. ಅಥವಾ ಇವರನ್ನು ಅಲ್ಲಿಂದ ಬೇಗ ಕಳಿಸಿ ತಾನು ಗೋಡೆಯ ಮರೆಗೆ ಹೋಗಬೇಕು ಅಂತಷ್ಟೇ ಇರಬಹುದು. ಸಿಡಿತಕ್ಕೆ ಆ ಮನೆ ಬಹಳ ಹತ್ತಿರ. ನನ್ನ ತೀರ್ಮಾನ ಕೇಳಿದರೆ ಅದು ಎಚ್ಚರಿಕೆಯೇ. ನೀರನ್ನು ಬಾಳೆಗೆ ಚೆಲ್ಲಿದರಲ್ಲ, ಅದು ನನ್ನ ಸಾಕ್ಷಿ. ಬೇಸಿಗೆಯಲ್ಲಿ ಏತದಿಂದ ಎತ್ತಿದ ನೀರನ್ನು, ಮುಖವನ್ನೂ ತೊಳೆಯದೆ, ಪಾತ್ರೆಗೂ ಹಾಕದೆ ಯಾವ ಹೆಂಗಸೂ ಚೆಲ್ಲುವುದಿಲ್ಲ. ತೋರಿಸಿ ಚೆಲ್ಲಿದ್ದಾರೆ. ಹವಾಲ್ದಾರರಿಗೆ ಇದನ್ನು ಹೇಳಿದಾಗ ಒಪ್ಪಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

ಅವರು ಒಪ್ಪದಿರಲು ಕಾರಣ ಮುಂದೆ ನಡೆದದ್ದು. ಹತ್ತೇ ದಿನಕ್ಕೆ ಎರಡು ಕಿಲೋಮೀಟರ್ ಆಚೆ ಇನ್ನೊಂದು ಗಸ್ತಿನ ಕೆಳಗೆ ಸಿಡಿಯಿತು. ಇಬ್ಬರು ಸತ್ತರು. ಒಬ್ಬ, ಅಜ್ಜಿಗೆ ಕೈ ಮುಗಿದಿದ್ದ ಹರಿಯಾಣದ ಹುಡುಗ. ಅವತ್ತು ಮಧ್ಯಾಹ್ನ ಕಂಪನಿ ಓಣಿಗಳಿಗೆ ನುಗ್ಗಿತು. ಮನೆ ಮನೆ ಹುಡುಕಾಟ, ಗಂಡಸರನ್ನೆಲ್ಲ ಶಾಲೆಯ ಮೈದಾನಕ್ಕೆ ಕರೆತಂದು ಸಾಲಾಗಿ ಕೂರಿಸುವುದು, ಮುಖಕ್ಕೆ ಬಟ್ಟೆ ಕಟ್ಟಿದ ಒಬ್ಬನ ಮುಂದೆ ಒಬ್ಬೊಬ್ಬರನ್ನೇ ನಡೆಸುವುದು. ಅವನು ತಲೆ ಆಡಿಸಿದರೆ ಆ ಮನುಷ್ಯ ಪ್ರತ್ಯೇಕ. ಅಲ್ಲಿನವರು ಇಂಥವನನ್ನು ತಲೆಯಾಟ್ಟಿ ಅನ್ನುತ್ತಿದ್ದರು. ತಮಿಳು ಬರುವವನು ಒಬ್ಬನೇ ಆದ್ದರಿಂದ ಪ್ರತಿ ಮನೆಯ ಬಾಗಿಲಲ್ಲೂ ಸಾಹೇಬರ ಪ್ರಶ್ನೆಯನ್ನು ಹವಾಲ್ದಾರರೇ ಕೇಳಬೇಕಾಯಿತು.

ಅಜ್ಜಿಯ ಬಾಗಿಲಿಗೂ ಬಂದರು. "ಯಾರಾವದು ವಂದಾಂಗಳಾ?" ಯಾರಾದರೂ ಬಂದಿದ್ದರಾ?

"ತೆರಿಯಾದು." ಗೊತ್ತಿಲ್ಲ.

ಗಟ್ಟಿಯಾಗಿ ಕೇಳು ಅಂದರು ಸಾಹೇಬರು. ಗಟ್ಟಿಯಾಗಿ ಕೇಳಿದರು. ಅಜ್ಜಿ ಇವರ ಕಣ್ಣನ್ನೇ ನೋಡುತ್ತಾ ಮತ್ತೆ ತೆರಿಯಾದು ಅಂದರು. ಈ ಸಲ ತಂಬಿ ಅನ್ನಲಿಲ್ಲ. ಅವತ್ತು ನಾನೇ ಹೇಳಿದ್ದೆನಲ್ಲ, ನಿಮ್ಮವರನ್ನು ಉಳಿಸಿದ್ದು ನಾನು ಅಂತ ಅಜ್ಜಿ ಒಂದು ಮಾತು ಆಡಿದ್ದರೆ ಆಕೆಯ ಮನೆಗೆ ಆ ಹೊತ್ತಿಗೆ ರಕ್ಷಣೆ ಸಿಗುತ್ತಿತ್ತು. ಆಡಲಿಲ್ಲ. ಹದಿನೈದು ಹದಿನಾರರ ಮೊಮ್ಮಗನನ್ನು ಮೈದಾನಕ್ಕೆ ಕರೆದೊಯ್ದರು. ತಲೆಯಾಟ್ಟಿ ತಲೆ ಆಡಿಸಲಿಲ್ಲ, ಹುಡುಗ ಸಂಜೆಗೆ ಮನೆಗೆ ಬಂದ. ಒಂದು ಕಿವಿ ಊದಿತ್ತು. ಹೊಡೆದವರು ಯಾರು ಅಂತ ಹವಾಲ್ದಾರರು ನನಗೆ ಹೇಳಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ವಾರ ಆ ದಾರಿಯಲ್ಲಿ ಹೋದಾಗ ಮನೆಗೆ ಬೀಗ. ಏತದ ಮರ ಹಾಗೇ ನಿಂತಿತ್ತು, ಹಗ್ಗ ಮತ್ತು ಬಕೆಟ್ ಇರಲಿಲ್ಲ. ಹಗ್ಗ ಬಿಚ್ಚಿಕೊಂಡು ಹೋಗಿದ್ದಾರೆ ಅಂದರೆ ತಾವಾಗಿ ಹೊರಟಿದ್ದಾರೆ ಅಂತ ಅವರು ಸಮಾಧಾನ ಮಾಡಿಕೊಂಡರು. ಆಮೇಲೆ ಏನಾಯಿತೋ ತಿಳಿಯಲಿಲ್ಲ.

ಉಳಿದ ಒಂದೂಮುಕ್ಕಾಲು ವರ್ಷದ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. 1989ರಲ್ಲಿ ಅಧ್ಯಕ್ಷರಾಗಿ ಬಂದ ಪ್ರೇಮದಾಸ ನಮ್ಮ ಸೈನ್ಯ ಹೊರಡಲಿ ಅಂದರು, ಹುಲಿಗಳಿಗೆ ಆಯುಧವನ್ನೂ ಕೊಟ್ಟರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ತ್ರಿಂಕೋಮಲೆಯಿಂದ ಹಡಗು ಹತ್ತಿತು. 32 ತಿಂಗಳಲ್ಲಿ ನಮ್ಮವರು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಮದ್ರಾಸಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದು ಬಂದ ಸೈನ್ಯ ಅನ್ನುವ ಮಾತು ಆಗ ಬೀದಿಯಲ್ಲೇ ಇತ್ತು. ಸತ್ಯಮಂಗಲದಲ್ಲಿ ಬಸ್ಸಿಗೆ ಕಾಯುವಾಗ ಒಬ್ಬರು ಎಲ್ಲಿಂದ ಬಂದೆ ಅಂತ ತಮಿಳಿನಲ್ಲಿ ಕೇಳಿದರಂತೆ. ಹವಾಲ್ದಾರರು ತಮಿಳು ಬಾರದವರ ಹಾಗೆ ಕನ್ನಡದಲ್ಲಿ ಉತ್ತರ ಕೊಟ್ಟರು. ಆಮೇಲೆ ಬಹಳ ವರ್ಷ ಅವರು ತಮಿಳು ಮಾತಾಡಿದ್ದನ್ನು ಮನೆಯವರು ಕೇಳಿಲ್ಲ. ಕಚೇರಿ ಕೆಲಸಕ್ಕೆ ತಮ್ಮನನ್ನು ಕಳಿಸುತ್ತಿದ್ದರು.

1998ರಲ್ಲಿ ಪಿಂಚಣಿಗೆ ಬಂದು ಅರಿಶಿನ, ಬಾಳೆ ಬೆಳೆದುಕೊಂಡು ಇದ್ದರು. 2000ದ ಜುಲೈ 30ರಂದು ವೀರಪ್ಪನ್ ದೊಡ್ಡ ಗಾಜನೂರಿನಿಂದ ರಾಜಕುಮಾರ್ ಅವರನ್ನು ಅಪಹರಿಸಿದ. 108 ದಿನ ನಮ್ಮ ಸೀಮೆಯ ದಾರಿಗಳಲ್ಲಿ ಬಂದೂಕು ಹಿಡಿದವರೇ. ಒಂದು ಸಂಜೆ ಹುಡುಕಾಟದ ತಂಡವೊಂದು ಅವರ ಹಟ್ಟಿಗೂ ಬಂತು. ಹಿತ್ತಿಲಲ್ಲಿದ್ದ ಅವರ ತಾಯಿಯನ್ನು ಒಬ್ಬ ಹುಡುಗ ತಮಿಳಿನಲ್ಲಿ ಕೇಳಿದ, ಯಾರಾದರೂ ಬಂದಿದ್ದರಾ ಅಂತ. ಮುದುಕಿಗೆ ತಮಿಳು ಅಷ್ಟಕ್ಕಷ್ಟೆ. "ಗೊತ್ತಿಲ್ಲ ಕನಪ್ಪ" ಅಂದಳು. ಅವನು ಗಟ್ಟಿಯಾಗಿ ಕೇಳಿದ. ಒಳಗಿದ್ದ ಹವಾಲ್ದಾರರು ಹೊರಗೆ ಬಂದು ಹತ್ತು ವರ್ಷದ ಮೇಲೆ ತಮಿಳು ಆಡಿದರು. ಕೂತ್ಕೊಳ್ಳಿ ತಂಬಿ, ಮೊದಲು ನೀರು ಕುಡಿಯಿರಿ ಅಂದರು. ಆ ಹುಡುಗ ಕೂತ. ಅವನಿಗೆ ಇಪ್ಪತ್ತೆರಡು ಇದ್ದಿರಬೇಕು, ಬೂಟಿನೊಳಗೆ ಕಾಲು ಬೊಬ್ಬೆ ಎದ್ದಿತ್ತು. ತಾನೂ ಹಾಗೇ ಇದ್ದೆ ಅಂದರು ನನ್ನ ಬಳಿ.

ಈಗಲೂ ಅವರು ಪಂಚಾಯಿತಿಯವರು ಪೈಪಿಗೆ ಅಗೆದು ಮುಚ್ಚಿದ ದಾರಿ ತುಳಿಯುವುದಿಲ್ಲ, ಹೊಲಕ್ಕಿಳಿದು ಬಳಸಿ ಬರುತ್ತಾರೆ. ಮಕ್ಕಳು ಮೊದಮೊದಲು ನಗುತ್ತಿದ್ದರು. ಇದಕ್ಕೆ ಡಾಕ್ಟರರ ಹತ್ತಿರ ಹೋಗೋಣ ಅಂತ ನಾನು ಎರಡು ಸಲ ಕೇಳಿದ್ದೇನೆ, ಕೇಳುತ್ತಲೇ ಇರುತ್ತೇನೆ. ಇಂಥವರು ನಮ್ಮ ಗಡಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಏನಾಗಿದೆ ಅಂತ ಯಾರೂ ಕೂತು ಕೇಳಿಲ್ಲ, ಅದು ನನಗೆ ನೋವು.

ಕೊಲಂಬೊ ಪಕ್ಕದ ಶ್ರೀಜಯವರ್ಧನಪುರ ಕೋಟ್ಟೆ ಪಟ್ಟಣದಲ್ಲಿ ಶ್ರೀಲಂಕಾದವರೇ ನಮ್ಮ ಸೈನಿಕರಿಗೆ ಸ್ಮಾರಕ ಕಟ್ಟಿದ್ದಾರೆ. ಅದರ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದೆ. ಕಪ್ಪು ಕಲ್ಲಿನ ಮೇಲಿನ ಅಕ್ಷರಗಳನ್ನು ಬೆರಳಿನಿಂದ ದೊಡ್ಡದು ಮಾಡುತ್ತಾ ಹರಿಯಾಣದ ಹುಡುಗನ ಹೆಸರು ಹುಡುಕಿದರು. ಫೋಟೊ ಮಸುಕಾಗಿತ್ತು, ಓದಲು ಆಗಲಿಲ್ಲ.

ಬರೆದದ್ದನ್ನೆಲ್ಲ ಕಳೆದ ವಾರ ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದೇ ಕಡೆ ತಡೆದರು. ಅಜ್ಜಿಯ ಕೈಯಲ್ಲಿ ನೀರು ತುಂಬಿದ ಬಕೆಟ್ ಇತ್ತು ಅಂತ ನಾನು ಬರೆದಿದ್ದೆ.

"ತುಂಬಿದ ಅಂತ ಬರೀಬ್ಯಾಡಿ ಮೇಷ್ಟ್ರೇ. ಏತದಲ್ಲಿ ತುಂಬ್ಕಂಡು ಯಾವತ್ತು ಬಂದದು? ತುಳುಕ್ತದೆ. ಮುಕ್ಕಾಲು ಇತ್ತು."

ತುಂಬಿದ ಅನ್ನುವುದನ್ನು ಹೊಡೆದು ಹಾಕಿ ಮುಂದೆ ಓದಿದೆ.